ಎಡಕ್ಕೆ ತಿರುಗದ ನೀಲಿ ಕಾರು

"ನೋಡ್ತಾ ಇರು, ಈ ಕಾರಿನ ಮೈಮೇಲೆ ಬೇರೆಯವರ ಕೈ ಬೀಳೋಕೆ ನಾನು ಬಿಡಲ್ಲ! ಬಿಚ್ಚಿದವನೂ ನಾನೇ, ಜೋಡಿಸಿದವನೂ ನಾನೇ, ಇನ್ನು ಓಡಿಸೋನೂ ನಾನೇ!"

ಹಲ್ಲಿನ ಡಾಕ್ಟರು ಗ್ಯಾರೇಜಿನ ನಡುವೆ ನಿಂತು ಹೀಗೆ ಘೋಷಿಸಿದಾಗ ಅವರ ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದರಲ್ಲಿ ಕಾಫಿ ಲೋಟ. ಸಭಿಕರ ಸಾಲಿನಲ್ಲಿ ಇದ್ದದ್ದು ಅವರ ಹೆಂಡತಿ ಒಬ್ಬರೇ. ಆಕೆ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರಿಂದ ಬೀದಿಗೆಲ್ಲ ಟೀಚರಮ್ಮ.

"ತಳ್ಳೋನು ಯಾರು ಅಂತ ಮಾತ್ರ ಹೇಳ್ಲಿಲ್ಲ," ಎಂದರು ಟೀಚರಮ್ಮ, ಖಾಲಿ ಲೋಟ ತೆಗೆದುಕೊಂಡು ಹೋಗುತ್ತಾ.

ಕಾರು ಮೂಲತಃ ಡಾಕ್ಟರ ಮಾವನದು. ಮಾವ ನಿವೃತ್ತ ಡ್ರಿಲ್ ಮಾಸ್ತರು. ಅದೂ ಎಂಥ ಮಾಸ್ತರು! ಡಾಕ್ಟರು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಅವರ ಸೀಟಿಯ ಸದ್ದಿಗೆ ಎಡ-ಬಲ ಹಾಕಿ, ತಪ್ಪಿದ್ದಕ್ಕೆ ಮೈದಾನ ಸುತ್ತಿದ್ದವರು. ಮುಂದೆ ಅದೇ ಮಾಸ್ತರ ಮಗಳನ್ನು ಮದುವೆಯಾದರೂ ಮೈಗೆ ಹತ್ತಿದ ಡ್ರಿಲ್ಲು ಇಳಿದಿರಲಿಲ್ಲ. ಮಾವ ಕೆಮ್ಮಿದರೆ ಅಳಿಯನ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಳ್ಳುತ್ತಿದ್ದವು. ಕಣ್ಣು ಮಂದವಾಗಿ ಮಾವ ಸ್ಟಿಯರಿಂಗ್ ಬಿಟ್ಟ ಮೇಲೆ ಕಾರು ಶೆಡ್ಡಿನಲ್ಲಿ ನಿಂತು, ಅದರ ಸೀಟಿನಲ್ಲಿ ಇಲಿಗಳು ಸಂಸಾರ ಹೂಡಿ, ಮಕ್ಕಳು ಮೊಮ್ಮಕ್ಕಳನ್ನೂ ಕಂಡಿದ್ದವು. ಅಂಥ ಕಾರನ್ನು ಡಾಕ್ಟರು ಮನೆಗೆಳೆದು ತಂದು, ನಟ್ಟುನಟ್ಟೂ ಬಿಚ್ಚಿ, ತುಕ್ಕು ಕೆರೆದು, ತಾವೇ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನೀಲಿ ಬಣ್ಣ ಹೊಡೆದಿದ್ದರು. ಒಂದು ಕೋಟು ಒಣಗಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹೊಳಪು ಎಷ್ಟಿತ್ತೆಂದರೆ ಡಾಕ್ಟರು ಬೆಳಿಗ್ಗೆ ಮನೆಯ ಕನ್ನಡಿ ಬಿಟ್ಟು ಕಾರಿನ ಬಾಗಿಲಲ್ಲೇ ತಲೆ ಬಾಚಿಕೊಳ್ಳುತ್ತಿದ್ದರು.

ಎಲ್ಲ ಸರಿ. ಕಾರಿಗೆ ರೋಗ ಒಂದಿತ್ತು. ಗ್ಯಾರೇಜಿನಲ್ಲಿ ಸ್ಟಾರ್ಟ್ ಮಾಡಿದರೆ ಬೆಕ್ಕಿನಂತೆ ಗುರುಗುಡುತ್ತಿತ್ತು. ರಸ್ತೆಗಿಳಿದು ಸ್ವಲ್ಪ ದೂರ ಹೋದರೆ ಇದ್ದಕ್ಕಿದ್ದಂತೆ ಬಿಕ್ಕುತ್ತಿತ್ತು. ಕೆಲವು ಸಲ ಬಿಕ್ಕಿ ಬಿಕ್ಕಿ ನಿಂತೇ ಹೋಗುತ್ತಿತ್ತು. ತಳ್ಳಿಕೊಂಡು ಮನೆಗೆ ತಂದರೆ ಮತ್ತೆ ಬೆಕ್ಕು!

"ನನ್ನ ಕುರ್ಚಿ ಮೇಲೆ ಕೂತ ತಕ್ಷಣ ನೋವೇ ಇಲ್ಲ ಅನ್ನೋ ಪೇಷಂಟ್ ಥರ ಇದು," ಎಂದು ಡಾಕ್ಟರು ಕಾರಿನ ಮೂಗು ಸವರಿದರು.

ಬೀದಿಯ ಕೊನೆಯ ಮೆಕ್ಯಾನಿಕ್ಕು ಬಾನೆಟ್ಟಿನೊಳಗೆ ಇಣುಕಿ ತಲೆ ಕೊಡವಿದ. ಆ ಕಾಲದ ಬೇರೆ ಕಾರುಗಳೆಲ್ಲ ಕಾರ್ಬ್ಯುರೇಟರಿನಿಂದ ಪೆಟ್ರೋಲು ಹೀರಿಕೊಂಡು ಓಡುತ್ತಿದ್ದವು. ಇದೊಂದು ಮಾತ್ರ ದೊಡ್ಡಸ್ತಿಕೆಯ ಕಾರು. ಇದರ ಸೀಟಿನ ಕೆಳಗೊಂದು ಪೆಟ್ಟಿಗೆ. ಅದು ವೈರುಗಳ ಮೂಲಕ ಅಪ್ಪಣೆ ಕೊಟ್ಟಾಗಲೆಲ್ಲ ಪುಟ್ಟ ನಳಿಗೆಗಳು ಇಂಜಿನ್ನಿಗೆ ಪೆಟ್ರೋಲು ಚಿಮ್ಮಿಸಬೇಕು. ಅಪ್ಪಣೆ ಎಲ್ಲೋ ದಾರಿಯಲ್ಲಿ ತಪ್ಪಿಸಿಕೊಳ್ಳುತ್ತಿತ್ತು.

"ಈ ಫ್ಯೂಯಲ್ ಇಂಜೆಕ್ಷನ್ನು ಕಿತ್ತಾಕಿ ಒಂದು ಕಾರ್ಬ್ಯುರೇಟರ್ ಕೂರಿಸ್ಬಿಡಿ ಡಾಕ್ಟ್ರೇ. ತಲೆನೋವೇ ಇರಲ್ಲ," ಎಂದ ಮೆಕ್ಯಾನಿಕ್ಕು.

ಡಾಕ್ಟರ ಮೈ ಉರಿದುಹೋಯಿತು. "ಒಂದು ಹಲ್ಲು ನೋಯ್ತು ಅಂತ ಇಡೀ ದವಡೆ ಕೀಳ್ತೀಯಾ ನೀನು? ಇಂಜೆಕ್ಷನ್ ಅಂದ್ರೆ ಏನು ಅಂತ ನನಗೆ ಹೇಳ್ಕೊಡ್ತೀಯಾ? ಜೀವಮಾನವೆಲ್ಲ ಅದನ್ನೇ ಚುಚ್ಚಿಕೊಂಡು ಬಂದವನಯ್ಯಾ ನಾನು!"

ಅಂದಿನಿಂದ ಗ್ಯಾರೇಜು ಕ್ಲಿನಿಕ್ಕಾಯಿತು. ದವಡೆ ನೋಡುವ ಪುಟ್ಟ ಕನ್ನಡಿ ಇಂಜಿನ್ನಿನ ಸಂದಿಗೆ ಹೋಯಿತು. ಹಲ್ಲಿನ ಗೂಡಿಗೆ ಬಿಡುವ ಲೈಟು ಪೆಟ್ರೋಲ್ ಪಂಪಿನ ಮೇಲೆ ಬಿತ್ತು. ಇಂಜಿನ್ ಎಷ್ಟು ಬಿಸಿಯಾಗಿದೆಯೆಂದು ಪೆಟ್ಟಿಗೆಗೆ ಚಾಡಿ ಹೇಳುವ ಸೆನ್ಸರ್ ಒಂದಿತ್ತು. ಚಾಡಿ ಸರಿಯಾಗಿ ಹೇಳುತ್ತಿಲ್ಲವೆಂದು ಅದನ್ನು ಬದಲಾಯಿಸಿದರು. ಕಾರು ಬಿಕ್ಕಿತು. ಪಂಪಿಗೆ ಕರೆಂಟು ಹಾಯಿಸುವ ರಿಲೇ ಬದಲಾಯಿಸಿದರು. ಬಿಕ್ಕಿತು. ಫ್ಯೂಸುಗಳನ್ನೆಲ್ಲ ತೆಗೆದು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಬಾಯಿ ಮುಕ್ಕಳಿಸಲು ಹೇಳುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದರು. ಇನ್ನೂ ಜೋರಾಗಿ ಬಿಕ್ಕಿತು!

ಇತ್ತ ನಿಜವಾದ ಕ್ಲಿನಿಕ್ಕಿನಲ್ಲಿ ಬಾಯಿ ತೆರೆದು ಮಲಗಿದ ಹೆಂಗಸೊಬ್ಬರು, "ಡಾಕ್ಟ್ರೇ, ನಿಮ್ಮ ಕೈ ಪೆಟ್ರೋಲ್ ವಾಸನೆ ಹೊಡೀತಿದೆ. ಹಲ್ಲಿಗೆ ಬೆಂಕಿಗಿಂಕಿ ಇಡ್ತೀರಾ ಹೇಗೆ?" ಎಂದು ಕೇಳಿ, ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದರು.

ಹೀಗೆ ಚಿಕಿತ್ಸೆ ರಂಗೇರಿದ್ದಾಗ ಮಾವನ ಫೋನ್ ಬಂತು. ಡಾಕ್ಟರು ಸೋಫಾದಿಂದ ಎದ್ದು ನೆಟ್ಟಗೆ ನಿಂತರು.

"ಅಳಿಯಂದ್ರೇ, ಈ ಭಾನುವಾರ ನಮ್ಮ ಮದುವೆಯಾಗಿ ಐವತ್ತು ವರ್ಷ ತುಂಬುತ್ತೆ. ನಿಮ್ಮತ್ತೆಗೊಂದು ಆಸೆ. ಹೊಸತರಲ್ಲಿ ಫೋಟೋ ತೆಗೆಸ್ಕೊಂಡಿದ್ದ ಸ್ಟುಡಿಯೋಲೇ ಇನ್ನೊಂದು ಫೋಟೋ ತೆಗೆಸ್ಕೋಬೇಕಂತೆ. ನಮ್ಮ ಕಾರಲ್ಲೇ ಹೋಗ್ಬೇಕಂತೆ. ಕಾರು ರೆಡಿಯಾ?"

"ರೆಡಿ ಸಾರ್!" ಎಂದುಬಿಟ್ಟರು ಡಾಕ್ಟರು. "ಅಂದ್ರೆ... ರೆಡಿ ಮಾವ!"

ಫೋನಿಟ್ಟು ತಿರುಗಿದರೆ ಟೀಚರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಏನ್ರೀ ರೆಡಿ? ಮೊನ್ನೆ ತಾನೆ ಬೇಕರಿ ಮುಂದೆ ಅದನ್ನು ತಳ್ಳಿ ನನ್ನ ಚಪ್ಪಲಿ ಕಿತ್ತುಹೋಯ್ತು!"

"ಬಾಯಿಗೆ ಬಂದುಬಿಡ್ತು ಕಣೇ."

"ಊರವರ ಬಾಯಿ ರಿಪೇರಿ ಮಾಡೋರು, ಮೊದಲು ನಿಮ್ಮದನ್ನ ಮಾಡ್ಕೊಳ್ಳಿ. ಬಾಡಿಗೆ ಕಾರು ತರಿಸೋಣ. ಅಪ್ಪಂಗೆ ನಿಜ ಹೇಳ್ಬಿಡಿ."

"ನಿಮ್ಮಪ್ಪನ ಕಾರು ನನ್ನ ಕೈಗೆ ಬಂದು ಕೆಟ್ಟಿತು ಅಂತ ನನ್ನ ಬಾಯಲ್ಲೇ ಹೇಳ್ಲಾ? ಈ ಜನ್ಮದಲ್ಲಿ ಆಗಲ್ಲ!"

ಶನಿವಾರ ಸಂಜೆ ಅಂತಿಮ ಪರೀಕ್ಷೆಗೆಂದು ಇಬ್ಬರೂ ಕಾರಿನಲ್ಲಿ ಹೊರಟರು. ಬೀದಿ ದಾಟಿ, ಪಾರ್ಕು ದಾಟಿ, ಗ್ರಂಥಾಲಯದ ಬಳಿ ಎಡಕ್ಕೆ ತಿರುಗುವಷ್ಟರಲ್ಲಿ ಶುರುವಾಯಿತು: ಗಕ್... ಗಕ್... ಗಕ್...

ಡಾಕ್ಟರು ಹಲ್ಲು ಕಚ್ಚಿದರು. ಟೀಚರಮ್ಮ ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳು ತಟ್ಟತೊಡಗಿದರು.

"ನಾನಿಲ್ಲಿ ಸಾಯ್ತಿದ್ರೆ ನೀನು ತಾಳ ಹಾಕ್ತಿದೀಯಲ್ಲೇ!"

"ಸುಮ್ನಿರಿ. ತಾಳ ಹಾಕ್ತಿರೋದು ನಾನಲ್ಲ, ನಿಮ್ಮ ಕಾರು. ಅಚ್ಚುಕಟ್ಟಾಗಿ ಒಂದೇ ಲಯದಲ್ಲಿ ಬಿಕ್ತಿದೆ. ಅದ್ಯಾವುದೋ ಟಿಕ್ ಟಿಕ್ ಅಂತಿದೆಯಲ್ಲ, ಅದಕ್ಕೆ ಸರಿಯಾಗಿ. ಅದೇನದು?"

"ಇಂಡಿಕೇಟರ್ರು."

"ಆಫ್ ಮಾಡಿ."

ಆಫ್ ಮಾಡಿದರು. ಕಾರು ಬೆಕ್ಕಾಯಿತು. ಎಡ ಇಂಡಿಕೇಟರ್ ಹಾಕಿದರು. ಗಕ್, ಗಕ್. ಬಲಕ್ಕೆ ಹಾಕಿದರು. ಬೆಕ್ಕು. ಮತ್ತೆ ಎಡಕ್ಕೆ. ಗಕ್!

"ಸಾಧ್ಯವೇ ಇಲ್ಲ!" ಡಾಕ್ಟರು ಸ್ಟಿಯರಿಂಗ್ ಗುದ್ದಿದರು. "ಇಂಡಿಕೇಟರ್ ದೀಪಕ್ಕೂ ಪೆಟ್ರೋಲಿಗೂ ಏನು ಸಂಬಂಧ?"

"ಕಿವಿ ನೋವು ಅಂತ ಬಂದೋರಿಗೆ, ತೊಂದ್ರೆ ಕಿವೀಲಿಲ್ಲ, ಹಲ್ಲಲ್ಲಿದೆ ಅಂತ ನೀವೇ ಹೇಳಲ್ವಾ? ಹಾಗೇ ಇದೂ ಇರ್ಬೇಕು."

ಡಾಕ್ಟರಿಗೆ ಆ ಸಂಬಂಧ ಹುಡುಕಲು ಸಮಯವಿರಲಿಲ್ಲ. ಆದರೆ ಅವರ ತಲೆಯಲ್ಲೊಂದು ಮಹಾಯೋಜನೆ ಮೊಳೆಯಿತು.

"ಎಡಕ್ಕೆ ತಿರುಗಿದ್ರೆ ತಾನೆ ತೊಂದ್ರೆ? ನಾಳೆ ನಾವು ಎಡಕ್ಕೆ ತಿರುಗೋದೇ ಇಲ್ಲ! ಬಲಕ್ಕೆ, ಬಲಕ್ಕೆ, ಬಲಕ್ಕೆ ತಿರುಗಿದ್ರೂ ಕೊನೆಗೆ ಎಡಕ್ಕೇ ಹೋದಂಗಲ್ವಾ?"

"ಇಂಡಿಕೇಟರ್ ಹಾಕದೇ ಎಡಕ್ಕೆ ತಿರುಗಿದ್ರೆ ಆಯ್ತಪ್ಪ!"

"ನಿಮ್ಮಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡು ಸಿಗ್ನಲ್ ಹಾಕದೇ ತಿರುಗೋದಾ? ನಡುರಸ್ತೇಲಿ ಇಳಿಸಿ ಬಸ್ಕಿ ಹೊಡೆಸ್ತಾರೆ ಕಣೇ!"

ಭಾನುವಾರ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಕೋಟು ತೊಟ್ಟು, ಬೂಟು ಮಿರಮಿರ ಮಿಂಚಿಸಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು. ಅತ್ತೆ ಹೊಸ ಬಟ್ಟೆಯುಟ್ಟು, ಮುಡಿಗೆ ಬಿಳಿ ಹೂವಿಟ್ಟು ಮಗಳ ಜೊತೆ ಹಿಂದೆ ಕೂತರು. ಕಾರಿನ ಬಾಗಿಲು ಮುಟ್ಟಿದಾಗ ಅತ್ತೆಯ ಕಣ್ಣು ತುಂಬಿಬಂತು.

"ಎಷ್ಟು ಚೆನ್ನಾಗಿ ಮಾಡಿದೀರಪ್ಪ! ನಾವು ತಗೊಂಡಾಗಲೂ ಹೀಗೆ ಹೊಳೀತಿರ್ಲಿಲ್ಲ."

ಡಾಕ್ಟರಿಗೆ ಆ ಗಳಿಗೆಯಲ್ಲಿ ನಿಜ ಹೇಳಿಬಿಡೋಣ ಅನ್ನಿಸಿತು. ಆದರೆ ಹೊಗಳಿಕೆ ಕೇಳಿದ ಬಾಯಿ ಬೀಗ ಹಾಕಿಕೊಂಡಿತು. ಕಾರು ಹೊರಟಿತು.

ಸ್ಟುಡಿಯೋ ಅಂಥ ದೂರವೇನೂ ಇರಲಿಲ್ಲ. ಎರಡು ಬೀದಿ ನೇರ ಹೋಗಿ, ಅಂಚೆ ಕಚೇರಿಯ ಹತ್ತಿರ ಎಡಕ್ಕೆ ತಿರುಗಿ, ಇನ್ನೊಂದು ಎಡ ಹೊಡೆದರೆ ಬಂದೇಬಿಡುತ್ತಿತ್ತು. ಅಂಚೆ ಕಚೇರಿ ಬಂತು. ಹೋಯಿತು.

"ಅಳಿಯಂದ್ರೇ, ಎಡಕ್ಕಲ್ವಾ?"

"ಆ ಕಡೆ ಟ್ರಾಫಿಕ್ ಜಾಸ್ತಿ ಮಾವ."

ಮಾವ ಕತ್ತು ತಿರುಗಿಸಿ ನೋಡಿದರು. ಆ ರಸ್ತೆಯಲ್ಲಿ ಒಂದು ನಾಯಿ ನಡುವೆ ಮಲಗಿ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿತ್ತು.

ಬಲಕ್ಕೆ ತಿರುಗಿದರು. ಮತ್ತೆ ಬಲಕ್ಕೆ. ಮತ್ತೂ ಬಲಕ್ಕೆ. ಲೆಕ್ಕದ ಪ್ರಕಾರ ಸ್ಟುಡಿಯೋ ಸಿಗಬೇಕಿತ್ತು, ಆದರೆ ಬೀದಿಗಳಿಗೆ ಡಾಕ್ಟರ ಲೆಕ್ಕ ಗೊತ್ತಿರಲಿಲ್ಲ. ಒಂದು ಬೀದಿ ಸೊಟ್ಟಗೆ ಹೋಗಿ ಎಲ್ಲೋ ಒಯ್ದು ಬಿಟ್ಟಿತು. ಇನ್ನೊಂದು ಆಸ್ಪತ್ರೆಯ ಹಿತ್ತಲಲ್ಲಿ ಮುಗಿಯಿತು. ಹಿಂದಕ್ಕೆ ತೆಗೆದು ಮತ್ತೆ ಬಲಕ್ಕೆ!

"ನೋಡೇ," ಅತ್ತೆ ಮಗಳಿಗೆ ಹೇಳಿದರು, "ಆ ಬಟ್ಟೆ ಅಂಗಡೀಲಿ ಕೆಂಪು ಕೋಟು ಹಾಕಿರೋ ಬೊಂಬೆ ಎಷ್ಟು ಮುದ್ದಾಗಿದೆ!"

ಸ್ವಲ್ಪ ಹೊತ್ತಿನ ಮೇಲೆ, "ಇಲ್ಲೂ ಒಂದು ಕೆಂಪು ಕೋಟಿನ ಬೊಂಬೆ ಇಟ್ಟಿದಾರೆ."

ಇನ್ನೂ ಸ್ವಲ್ಪ ಹೊತ್ತಿನ ಮೇಲೆ, "ಈಗ ಊರಿಗೆಲ್ಲ ಕೆಂಪು ಕೋಟೇ ಫ್ಯಾಷನ್ ಅಂತ ಕಾಣುತ್ತೆ."

ಟೀಚರಮ್ಮ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಕಿಟಕಿಯತ್ತ ತಿರುಗಿದರು. ಅವರ ಭುಜಗಳು ಅಲುಗುತ್ತಿದ್ದವು. ಡಾಕ್ಟರ ಬೆನ್ನಿನಲ್ಲಿ ಬೆವರಿನ ಕಾಲುವೆ ಹರಿಯುತ್ತಿತ್ತು.

ಕೊನೆಗೆ ಗಡಿಯಾರದ ಕಂಬವಿರುವ ವೃತ್ತ ಬಂತು. ಇಲ್ಲಿಂದ ಬಲಕ್ಕೆ ಹೋಗಿ ಸುತ್ತಿ ಬಂದರೆ ಗೆದ್ದಂತೆ. ಡಾಕ್ಟರು ಬಲಗಡೆ ನೋಡಿದರು. ಪೈಪು ಹಾಕಲೆಂದು ಇಡೀ ರಸ್ತೆ ಅಗೆದು, ಅಡ್ಡ ಹಲಗೆ ಕಟ್ಟಿದ್ದರು! ಎದುರಿನ ರಸ್ತೆಯಲ್ಲಿ ಪ್ರವೇಶವಿಲ್ಲ. ಹಿಂದೆ ಬಸ್ಸು. ಉಳಿದದ್ದು ಎಡ ಒಂದೇ.

ಆಗಲಿ, ಸದ್ದಿಲ್ಲದೆ ತಿರುಗಿಬಿಡೋಣ ಎಂದು ಡಾಕ್ಟರು ಮೆಲ್ಲಗೆ ಸ್ಟಿಯರಿಂಗ್ ಎಳೆದರು. ಚಕ್ರ ಎಡಕ್ಕೆ ಹೊರಳಿದ್ದೇ ತಡ, ಪಕ್ಕದಿಂದ ಮೈದಾನವನ್ನೇ ನಡುಗಿಸುತ್ತಿದ್ದ ಆ ಹಳೆಯ ಕಂಠ ಗುಡುಗಿತು:

"ಸಿಗ್ನಲ್!"

ಡಾಕ್ಟರು ಯೋಚಿಸಲಿಲ್ಲ. ಯೋಚಿಸಲು ಕೈ ಬಿಡಲಿಲ್ಲ. ಅದು ತಾನಾಗಿಯೇ ಹೋಗಿ ಎಡ ಇಂಡಿಕೇಟರ್ ಹಾಕಿತು. ಟಿಕ್. ಗಕ್. ಟಿಕ್. ಗಕ್. ಟಿಕ್... ಇಂಜಿನ್ ಒಂದು ನಿಟ್ಟುಸಿರು ಬಿಟ್ಟು, ವೃತ್ತದ ನಟ್ಟನಡುವೆ, ಊರಿನ ಸಮಸ್ತ ವಾಹನಗಳ ಸಮಕ್ಷಮದಲ್ಲಿ, ಪ್ರಾಣ ಬಿಟ್ಟಿತು.

ಹಿಂದಿನ ಬಸ್ಸು ಹಾರ್ನ್ ಹೊಡೆಯಿತು. ಬಸ್ಸಿನ ಹಿಂದಿನ ಲಾರಿ ಹೊಡೆಯಿತು. ಲಾರಿಯ ಹಿಂದಿನವರಿಗೆ ಏನಾಯಿತೆಂದು ಗೊತ್ತಿಲ್ಲದಿದ್ದರೂ ಎಲ್ಲರೂ ಹೊಡೆಯುತ್ತಿದ್ದಾರಲ್ಲಾ ಎಂದು ತಾವೂ ಹೊಡೆದರು. ಡಾಕ್ಟರು ಕೀಲಿ ತಿರುಗಿಸಿಯೇ ತಿರುಗಿಸಿದರು. ಇಂಜಿನ್ ಮಿಸುಕಲಿಲ್ಲ.

"ಏನಾಯ್ತು?" ಎಂದರು ಮಾವ.

ಡಾಕ್ಟರು ಸ್ಟಿಯರಿಂಗ್ ಮೇಲೆ ಹಣೆ ಊರಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು. "ಕಾರು ಸರಿಯಿಲ್ಲ ಮಾವ. ನನ್ನ ಕೈಗೆ ಬಂದ್ಮೇಲೆ ಯಾವತ್ತೂ ಇರ್ಲಿಲ್ಲ. ಎಡಕ್ಕೆ ಇಂಡಿಕೇಟರ್ ಹಾಕಿದ್ರೆ ನಿಂತು ಹೋಗುತ್ತೆ. ಅದಕ್ಕೇ ಬರೀ ಬಲಕ್ಕೆ ತಿರುಗಿಸ್ಕೊಂಡು ಬಂದೆ. ಸುಳ್ಳು ಹೇಳ್ದೆ."

ಮೈದಾನ ಸುತ್ತು ಎನ್ನುತ್ತಾರೇನೋ ಎಂದು ಕಾದರು. ಮಾವ ಅಂಥದ್ದೇನೂ ಅನ್ನದೆ ಬಾಗಿಲು ತೆರೆದು ಇಳಿದು, ಕೋಟಿನ ಗುಂಡಿ ಹಾಕಿಕೊಂಡು, ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದರು! ಹಾರ್ನುಗಳೆಲ್ಲ ಗಪ್‌ಚಿಪ್. ಬಸ್ಸಿಗೆ ಕೈಯೊಡ್ಡಿ ನಿಲ್ಲಿಸಿದರು. ಲಾರಿಯನ್ನು ಹಿಂದಕ್ಕೆ ಸರಿಸಿದರು. ನಡೆದು ಹೋಗುತ್ತಿದ್ದ ಇಬ್ಬರು ಗಟ್ಟಿಮುಟ್ಟು ಗಂಡಸರನ್ನು ಬೆರಳು ಮಡಚಿ ಕರೆದರು.

"ಕೈ ಹಾಕ್ರಪ್ಪಾ! ಒಂದ್! ಎರಡ್! ಒಂದ್! ಎರಡ್!"

ಆ ಲಯಕ್ಕೆ ಕಾರು ಮೆರವಣಿಗೆಯಂತೆ ಸಾಗಿ ಹೂವಿನಂಗಡಿಯ ಮುಂದೆ ನಿಂತಿತು. ಮಾವನ ಮುಖ ಅರಳಿತ್ತು, ಹತ್ತು ವರ್ಷ ಚಿಕ್ಕವರಾದಂತಿದ್ದರು. ಡಾಕ್ಟರ ಮುಖ ಬಾಡಿತ್ತು, ಹತ್ತು ವರ್ಷ ದೊಡ್ಡವರಾದಂತಿದ್ದರು.

"ಹತ್ತು ನಿಮಿಷ ಕೊಡಿ ಮಾವ!" ಎಂದವರೇ ಡಾಕ್ಟರು ಬಾನೆಟ್ ಎತ್ತಿ ತಲೆ ತೂರಿಸಿದರು. ಹತ್ತು ನಿಮಿಷ ಎಷ್ಟು ಹೊತ್ತಾಯಿತೋ ಅವರಿಗೆ ತಿಳಿಯದು. ಟೀಚರಮ್ಮ ಒಳಗೆ ಕೂತು ಎಡ ಇಂಡಿಕೇಟರ್ ಹಾಕುತ್ತಾ ತೆಗೆಯುತ್ತಾ ಇದ್ದರು.

"ರೀ, ಎಡಗಡೆ ದೀಪದಿಂದ ಹೊರಡೋ ವೈರು ಎಲ್ಲಿಗೆ ಹೋಗುತ್ತೋ ನೋಡಿ. ಅಲ್ಲೇ ಇರುತ್ತೆ ಕಳ್ಳ!"

ಡಾಕ್ಟರು ಬೆರಳಿಟ್ಟು ವೈರಿನ ಜಾಡು ಹಿಡಿದರು. ದೀಪದಿಂದ ಹೊರಟ ವೈರು, ಆ ಅಪ್ಪಣೆಯ ಪೆಟ್ಟಿಗೆಯಿಂದ ಬಂದ ಇನ್ನೊಂದು ವೈರಿನ ಜೊತೆ ಸೇರಿ, ಎರಡೂ ಒಂದೇ ಬೋಲ್ಟಿನಲ್ಲಿ ಕಾರಿನ ಮೈಗೆ ಬಿಗಿದುಕೊಂಡಿದ್ದವು. ಕರೆಂಟು ಕೆಲಸ ಮುಗಿಸಿ ಬ್ಯಾಟರಿಗೆ ಮರಳುವ ಬಾಗಿಲೇ ಅದು, ಅಂದರೆ ಅರ್ಥ್. ಬೋಲ್ಟಿನ ಅಡಿಯಲ್ಲಿ ಬರಿಯ ತಗಡು ಇರಬೇಕಿತ್ತು. ಡಾಕ್ಟರು ಸ್ಪ್ಯಾನರಿನಿಂದ ಬಿಚ್ಚಿ ನೋಡಿದರು.

ನೀಲಿ! ಹೊಳೆಹೊಳೆವ ನೀಲಿ! ತಮ್ಮ ಕೈಯಾರೆ ಹೊಡೆದ, ಕೋಟಿನ ಮೇಲೆ ಕೋಟು ಹೊಡೆದ ಬಣ್ಣ! ಕರೆಂಟಿನ ಬಾಗಿಲಿಗೆ ಅವರೇ ಸಿಂಗಾರ ಮಾಡಿ ಚಿಲಕ ಜಡಿದಿದ್ದರು. ಯಾವುದೋ ಅಂಚಿನ ಗೀರಿನಿಂದ ಇಷ್ಟಿಷ್ಟೇ ಕರೆಂಟು ನುಸುಳುತ್ತಿತ್ತು. ಎಡದೀಪ ಮಿನುಗಿದಾಗಲೆಲ್ಲ ಆ ಕಿಂಡಿಯಲ್ಲಿ ನೂಕುನುಗ್ಗಲಾಗಿ ಪೆಟ್ಟಿಗೆಗೆ ಉಸಿರು ಕಟ್ಟುತ್ತಿತ್ತು.

"ಅರ್ಥ್ ಇಲ್ಲ!" ಡಾಕ್ಟರು ಬಾನೆಟ್ಟಿನೊಳಗಿಂದ ಕೂಗಿದರು. "ಕಾರಿಗೆ ಅರ್ಥ್ ಆಗ್ತಾ ಇಲ್ಲ ಕಣೇ!"

"ಕಾರಿಗೆ ಹೇಗ್ರೀ ಅರ್ಥ ಆಗುತ್ತೆ? ನನಗೇ ಇಷ್ಟು ವರ್ಷದಿಂದ ನೀವು ಅರ್ಥ ಆಗಿಲ್ಲ!" ಎಂದರು ಟೀಚರಮ್ಮ.

ತಮ್ಮ ಅಂಗಿಯ ಜೇಬಿನಲ್ಲಿದ್ದ, ಹಲ್ಲಿನ ಪಾಚಿ ಕೆರೆಯುವ ಕೊಕ್ಕೆಯನ್ನು ಡಾಕ್ಟರು ಹೊರತೆಗೆದರು. ತಾನೇ ತಿದ್ದಿ ತೀಡಿದ ಹೊಳಪನ್ನು ತಾನೇ ಕೆರೆಯುವುದೆಂದರೇನು ಸಾಮಾನ್ಯವೇ! ಕಣ್ಣು ಮುಚ್ಚಿ ಕೆರೆದರು. ಪುಡಿ ಪುಡಿ ನೀಲಿ ಉದುರಿ ಬೆಳ್ಳಗಿನ ತಗಡು ಕಂಡಿತು. ವೈರು ಕೂರಿಸಿ ಬೋಲ್ಟು ಬಿಗಿದರು.

"ಕೀಲಿ ತಿರುಗ್ಸು!"

ಬೆಕ್ಕು ಗುರುಗುಟ್ಟಿತು.

"ಎಡಕ್ಕೆ ಇಂಡಿಕೇಟರ್ ಹಾಕು!"

ಟಿಕ್. ಟಿಕ್. ಟಿಕ್. ಇಂಜಿನ್ ತುಟಿ ಪಿಟಕ್ಕೆನ್ನಲಿಲ್ಲ! ಡಾಕ್ಟರು ಎರಡೂ ಕೈ ಮೇಲೆತ್ತಿ, ಮೂಗಿನ ತುದಿಯಿಂದ ಕಿವಿಯವರೆಗೆ ಬಳಿದುಕೊಂಡ ಕರಿ ಗ್ರೀಸಿನಲ್ಲೇ ಹಲ್ಲು ಬಿಟ್ಟರು.

"ಮಾವ! ಅತ್ತೆ! ಹತ್ತಿ, ಹತ್ತಿ! ಇನ್ನು ಎಡಕ್ಕೆ ಎಷ್ಟು ಸಲ ಬೇಕಾದ್ರೂ ತಿರುಗೋಣ! ಈಗ ನೇರ ಸ್ಟುಡಿಯೋಗೆ!"

ಹಿಂದಿನ ಸೀಟು ಖಾಲಿಯಿತ್ತು. ಮುಂದಿನದೂ. ಹೂವಿನಂಗಡಿಯ ಬೆಂಚಿನ ಮೇಲೂ ಯಾರಿಲ್ಲ.

"ಎಲ್ಲೇ ಅವರು?"

ಟೀಚರಮ್ಮ ಮೂಲೆಯತ್ತ ಗಲ್ಲ ತೋರಿದರು. ಮಾವ ಮತ್ತು ಅತ್ತೆ ಕೈ ಕೈ ಹಿಡಿದುಕೊಂಡು ನಿಧಾನಕ್ಕೆ ನಡೆದು ಬರುತ್ತಿದ್ದರು. ಅತ್ತೆಯ ಕೆನ್ನೆ ಕೆಂಪಗಿತ್ತು. ಮಾವನ ಕೋಟಿನ ಗುಂಡಿಗೆ ಒಂದು ಹೂ ಸಿಕ್ಕಿಸಿತ್ತು.

"ಫೋಟೋ ಆಯ್ತಪ್ಪ," ಎಂದರು ಅತ್ತೆ. "ಸ್ಟುಡಿಯೋ ಇಲ್ಲೇ ಮೂಲೆ ತಿರುಗಿದ್ರೆ ಇದೆ. ನಡ್ಕೊಂಡೇ ಹೋಗಿ ತೆಗೆಸ್ಕೊಂಡು ಬಂದ್ವಿ. ಫೋಟೋದವನು ಅಳಿಯಂದ್ರು ಬರ್ಲಿಲ್ವಾ ಅಂತ ಕೇಳ್ದ. ಬಂದಿದಾರೆ, ಕಾರಿನ ಬಾಯಿ ತೆಗೆಸಿ ನೋಡ್ತಿದಾರೆ ಅಂದೆ."

ಡಾಕ್ಟರ ಎತ್ತಿದ ಕೈಗಳು ಮೆಲ್ಲಗೆ ಇಳಿದವು.

"ಬೇಜಾರು ಮಾಡ್ಕೋಬೇಡಿ," ಮಾವ ಅವರ ಬೆನ್ನು ತಟ್ಟಿದರು. "ಇವಳ ಕೈ ಹಿಡ್ಕೊಂಡು ಬೀದೀಲಿ ನಡೆದು ಯಾವ ಕಾಲ ಆಗಿತ್ತೋ! ನಿಮ್ಮ ಕಾರು ನಿಲ್ದೇ ಇದ್ದಿದ್ರೆ ಇವತ್ತೂ ನಡೀತಿರ್ಲಿಲ್ಲ. ಚೆನ್ನಾಗಿ ರಿಪೇರಿ ಮಾಡಿದೀರಿ."

"ಹಾಗಾದ್ರೆ ಹತ್ತಿ ಮಾವ, ಮನೆಗಾದ್ರೂ ಕಾರಲ್ಲಿ..."

ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಮಾವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು.

"ನಾವು ನಡ್ಕೊಂಡೇ ಬರ್ತೀವಪ್ಪ. ನೀವು ಮುಂದೆ ಹೋಗ್ತಿರಿ."

ಮುಂದೆ ಹೋಗಲು ಡಾಕ್ಟರಿಗೆ ಮನಸ್ಸು ಬರಲಿಲ್ಲ. ಮುದುಕರಿಬ್ಬರು ಬೀದಿಯ ಅಂಚಿನಲ್ಲಿ ಹರಟುತ್ತಾ, ನಗುತ್ತಾ, ಅಂಗಡಿಯಂಗಡಿಗೂ ನಿಲ್ಲುತ್ತಾ ನಡೆದರು. ಅವರ ಹಿಂದೆ ಆಮೆಯ ವೇಗದಲ್ಲಿ ನೀಲಿ ಕಾರು ತೆವಳಿತು. ಎಡ ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಇಂಜಿನ್ ಒಂದೇ ಒಂದು ಸಲವೂ ಬಿಕ್ಕಲಿಲ್ಲ.

"ಕೇಳಿಸ್ಕೊಂಡ್ಯಾ?" ಎಂದರು ಡಾಕ್ಟರು, ಹೆಂಡತಿಯ ಕಡೆ ಆಸೆಯಿಂದ ನೋಡುತ್ತಾ. "ಹೇಗಿದೆ ಲಯ?"

"ಲಯ ಚೆನ್ನಾಗಿದೆ. ಅದನ್ನ ಆಫ್ ಮಾಡ್ರೀ," ಎಂದರು ಟೀಚರಮ್ಮ. "ಹಿಂದಿನ ಬಸ್ಸಿನವನು ನೀವು ಯಾವಾಗ ತಿರುಗ್ತೀರೋ ಅಂತ ಆಗಿಂದ ಕಾಯ್ತಿದಾನೆ!"